ಕೆಂಪು ಚೈನು, ಹಸಿರು ಗಾಲಿ

"ಈ ಸ್ಟೂಲ್ ಯಾಕಿತ್ತು ಗಾಡಿ ಮೇಲೆ, ಮೇಡಂ?"

ಪಿಎಸ್‌ಐ ದುರ್ಗಾ ಜೀಪಿನ ಹಿಂಬದಿಯಿಂದ ಮರದ ಸ್ಟೂಲೊಂದನ್ನು ತೆಗೆದು ಗ್ಯಾರೇಜಿನ ನೆಲದ ಮೇಲಿಟ್ಟಳು. ಗಿಡ್ಡ ಸ್ಟೂಲು. ಒಂದು ಕಾಲು ಮುರಿದಿತ್ತು. ಅದಕ್ಕೆ ಬಿಗಿದಿದ್ದ ರಬ್ಬರ್ ಹಗ್ಗ ಇನ್ನೂ ಹಾಗೇ ಇತ್ತು.

ರೂಪಶ್ರೀ ಸ್ಟೂಲನ್ನೇ ನೋಡಿದಳು. ಅತ್ತೆ ರೊಟ್ಟಿ ತಟ್ಟುವಾಗ ಕೂರುವ ಸ್ಟೂಲು ಅದು. ಗಂಡನ ಶಿವಗಣಾರಾಧನೆಯ ದಿನವೂ ಅದಕ್ಕಾಗಿ ಮನೆಯೆಲ್ಲ ಹುಡುಕಿದ್ದರು.

"ನನಗೋಸ್ಕರ," ಎಂದಳು.

"ಅಂದ್ರೆ?"

"ಶನಿವಾರ ರಾತ್ರಿ ನಮ್ಮ ಯಜಮಾನ್ರು ಹರಿಹರಕ್ಕೆ ಫೋನ್ ಮಾಡಿದ್ರು. ನಾನು ತವರಲ್ಲಿದ್ದೆ. ಬೆಳಿಗ್ಗೆ ಕರ್ಕೊಂಡು ಹೋಗಕ್ಕೆ ಬರ್ತೀನಿ, ಗಾಡಿಗೆ ಮಣ್ಣಿನ ಗಾಲಿ ಐತೆ ಅಂದ್ರು. ಕಚ್ಚಾ ದಾರಿಗೆ ಹಾಕೋ ಆ ಗಾಲಿ ಇದ್ರೆ ಬೈಕು ಎತ್ತರ. ನಂಗೆ ಹತ್ತಕ್ಕಾಗಲ್ಲ, ಬಸ್ಸಿಗೆ ಬರ್ತೀನಿ ಅಂದೆ. ಸ್ಟೂಲ್ ಕಟ್ಕೊಂಡು ಬರ್ತೀನಿ ಬಿಡು ಅಂತ ನಕ್ಕರು."

ಗ್ಯಾರೇಜಿನ ಮುದುಕ ಬುಡನ್ ಸಾಬ್ ಕೈಯಲ್ಲಿದ್ದ ಸ್ಪಾನರನ್ನು ಸದ್ದಾಗದಂತೆ ಕೆಳಗಿಟ್ಟರು.

ಅವಳ ಗಂಡ ಬಸವಪ್ರಭು ಸತ್ತದ್ದು ಆ ಭಾನುವಾರ ಬೆಳಿಗ್ಗೆ, ಇನ್ನೇನು ಹರಿಹರ ಬಂತು ಎನ್ನುವ ಕಡೆ, ರಸ್ತೆಯ ಉಬ್ಬೊಂದರ ಮೇಲೆ. ಚೈನು ಕಳಚಿ ಹಿಂದಿನ ಗಾಲಿಗೆ ಸುತ್ತಿಕೊಂಡಿತ್ತು. ಎದುರಿಗೆ ಲಾರಿ ಬರುತ್ತಿತ್ತು.

"ಬಿದ್ದ ಗಾಡೀಲಿ ಇದ್ದದ್ದು ರೋಡ್ ಗಾಲಿ," ದುರ್ಗಾ ಹೇಳಿದಳು. "ತಗ್ಗಿನದು. ಅದಕ್ಕೆ ಸ್ಟೂಲ್ ಬೇಕಾಗಿರ್ಲಿಲ್ಲ. ಇಷ್ಟು ದಿನ ಈ ಮಾತು ಯಾಕ ಹೇಳ್ಲಿಲ್ರಿ?"

"ಯಾರೂ ಕೇಳಲಿಲ್ಲ."

ಅದು ಅರ್ಧ ನಿಜ. ಉಳಿದರ್ಧ ಬೇರೆ. ತನ್ನ ಮಾತಿಗಾಗಿ ಅವನು ಮನಸ್ಸು ಬದಲಾಯಿಸಿ, ಬೆಳಗಿನ ಜಾವ ಎದ್ದು ತಗ್ಗಿನ ಗಾಲಿ ಹಾಕಿಕೊಂಡು ಹೊರಟಿದ್ದಾನೆ, ಆ ಗಡಿಬಿಡಿಯಲ್ಲಿ ಏನೋ ತಪ್ಪಾಗಿದೆ ಎಂದೇ ಅವಳು ನಂಬಿದ್ದಳು. ನಂಬಿ ಬಾಯಿ ಮುಚ್ಚಿಕೊಂಡಿದ್ದಳು. ಸ್ಟೂಲು ಗಾಡಿಯ ಮೇಲೆಯೇ ಇತ್ತೆಂದು ಅವಳಿಗೆ ತಿಳಿದಿರಲಿಲ್ಲ. ತಾನೇ ಗಾಲಿ ಬದಲಾಯಿಸಿದ್ದರೆ ಅವನು ಸ್ಟೂಲನ್ನೂ ಬಿಚ್ಚಿಡುತ್ತಿದ್ದ.

"ನಾನು ಬಾಯಿ ಬಡ್ಕೊಂಡು ಹೇಳ್ತಿದೀನಲ್ಲ ಮೇಡಂ!" ಸನೋಬರ್ ಮುಂದೆ ಬಂದಳು. ಬುಡನ್ ಸಾಬರ ಮೊಮ್ಮಗಳು. ಡಿಪ್ಲೊಮಾ ಮುಗಿಸಿ ಕರೂರಿನ ಈ ಗ್ಯಾರೇಜು ಹಿಡಿದವಳು. ದುಪಟ್ಟಾ ಸೊಂಟಕ್ಕೆ ಬಿಗಿದಿತ್ತು, ಕಣ್ಣು ಊದಿತ್ತು. "ಶನಿವಾರ ನಾನು ಗಾಡಿ ಕಳ್ಸಿದಾಗ ಇದ್ದದ್ದು ಮಣ್ಣಿನ ಗಾಲಿ. ಪ್ರಭು ಅಣ್ಣ ಇಲ್ಲಿಂದ ಸೀದಾ ಹೊಳೆದಂಡೆಗೆ ಓಡ್ಸಕ್ಕೆ ಹೋದ್ರು."

"ನಿನ್ನ ಮಾತಿಗೆ ಸಾಕ್ಷಿ ಏನೈತಮ್ಮಾ?"

"ನನ್ನ ಗೋಡೆ ನೋಡ್ರಿ."

ಗೋಡೆಯ ತುಂಬ ಮೊಳೆ. ಒಂದೊಂದು ಮೊಳೆಗೆ ಒಂದು ಗಾಲಿ, ಗಾಲಿಯ ಮೇಲೆ ಒಂದು ಚೈನು. ಮಣ್ಣಿನ ದಾರಿಯ ಗಾಡಿಗೆ ಅಗಲದ ತಗ್ಗು ಗಾಲಿ ಹಾಕಿ ಡಾಂಬರಿಗೆ ಇಳಿಸಿದರೆ ಅದು ಸೂಪರ್‌ಮೋಟೊ. ಉಳುವ ಎತ್ತಿಗೆ ಓಟದ ಕುದುರೆಯ ಕಾಲು ಜೋಡಿಸಿದ ಹಾಗೆ ಎಂದು ಮದುವೆಯ ಹೊಸತರಲ್ಲಿ ಬಸವಪ್ರಭು ಹೆಂಡತಿಗೆ ವಿವರಿಸಿದ್ದ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳಿಗೆ ಅದು ಬೇಗ ತಲೆಗೆ ಹತ್ತಿತ್ತು. ಇಂಥ ಗಾಡಿ ಇಟ್ಟವರ ಬಳಿ ಎರಡು ಜೊತೆ ಗಾಲಿ ಇರುತ್ತವೆ. ವಾರವೆಲ್ಲ ಒಂದು, ಮಣ್ಣಿಗಿಳಿಯುವ ದಿನ ಇನ್ನೊಂದು.

ಸನೋಬರ್ ಎರಡು ಹಲ್ಲಿನ ಚಕ್ರಗಳನ್ನು ಮೇಜಿನ ಮೇಲಿಟ್ಟಳು. ಒಂದು ಊಟದ ತಟ್ಟೆಯಷ್ಟು, ಇನ್ನೊಂದು ಅದಕ್ಕಿಂತ ಚಿಕ್ಕದು.

"ಮಣ್ಣಿನ ಗಾಲಿಗೆ ಈ ದೊಡ್ಡ ಸ್ಪ್ರಾಕೆಟ್. ಐವತ್ತು ಹಲ್ಲು. ಎಳೆತ ಜಾಸ್ತಿ, ಓಟ ಕಮ್ಮಿ. ರೋಡ್ ಗಾಲಿಗೆ ಇದು, ನಲವತ್ತೆರಡು. ದೊಡ್ಡದಕ್ಕೆ ಉದ್ದ ಚೈನು ಬೇಕು, ಸಣ್ಣದಕ್ಕೆ ಗಿಡ್ಡ ಚೈನು. ಅದಕ್ಕೇ ನಾನು ಗಾಲಿ ಜೊತೆ ಚೈನನ್ನೂ ಕೊಡ್ತೀನಿ. ಚೈನ್ ಲಾಕಿಗೊಂದು ಚುಕ್ಕೆ, ಸ್ಪ್ರಾಕೆಟ್ಟಿಗೊಂದು ಚುಕ್ಕೆ, ಎರಡಕ್ಕೂ ಒಂದೇ ಬಣ್ಣ. ನೇಲ್ ಪಾಲಿಶಿಂದು. ಪೆಟ್ರೋಲಿಗೂ ಹೋಗಲ್ಲ."

"ಎಲ್ಲಾ ನನ್ನ ದುಡ್ಡಿನ ನೇಲ್ ಪಾಲಿಶು," ಬುಡನ್ ಸಾಬ್ ಗೊಣಗಿದರು. "ಬೆರಳಿಗೆ ಒಂದಿನ ಹಚ್ಚಿದ್ದು ನೋಡ್ಲಿಲ್ಲ."

ಯಾರೂ ನಗಲಿಲ್ಲ. ಅವರೂ ನಗಿಸಲೆಂದು ಹೇಳಿದ್ದಲ್ಲ.

"ಪ್ರಭು ಅಣ್ಣನ ಮಣ್ಣಿನ ಜೋಡಿ ಕೆಂಪು. ರೋಡ್ ಜೋಡಿ ಹಸಿರು. ಇಲ್ಲಿ ಯಾರೇ ಬರ್ಲಿ, ನಾನು ಹೇಳೋದು ಒಂದೇ. ಗಾಲಿ ಎಲ್ಲಿಗೆ ಹೋಗುತ್ತೋ ಚೈನೂ ಅಲ್ಲಿಗೇ ಹೋಗ್ಬೇಕು."

ದುರ್ಗಾ ಪ್ಲಾಸ್ಟಿಕ್ ಚೀಲವೊಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಒಳಗೆ ಹಾವಿನಂತೆ ಸುತ್ತಿಟ್ಟ ಚೈನು. ಲಾಕಿನ ಮೇಲೆ ಕೆಂಪು ಚುಕ್ಕೆ.

"ಇದು ಗಾಡೀಲಿ ಸಿಕ್ಕಿದ ಚೈನು. ಠಾಣೇಲಿ ಇರೋ ಗಾಲಿ ಮೇಲೆ ಹಸಿರು ಚುಕ್ಕೆ. ಕೆಂಪು ಚೈನು, ಹಸಿರು ಗಾಲಿ. ತಪ್ಪು ಚೈನ್ ಹಾಕಿದೋಳು ನೀನೇ ಅಂತ ಇವರ ಮನೆಯೋರು ಹೇಳಿಕೆ ಕೊಟ್ಟಾರೆ. ಗ್ಯಾರೇಜಿಂದ ಬರುವಾಗ್ಲೇ ರೋಡ್ ಗಾಲಿ ಇತ್ತಂತೆ."

"ನಾನು ಹಾಕಿದ್ರೆ ಚೈನ್ ಬಿಗಿಸೋ ಅಡ್ಜಸ್ಟರ್ ಕೊನೇ ಸುತ್ತಿನ ತನಕ ಹೋಗ್ತಿತ್ತಾ ಮೇಡಂ? ನೀವೇ ಫೋಟೋ ತೋರಿಸಿದ್ರಿ. ಸಡಿಲ ಆಗೈತೆ ಅಂತ ತಿರುಗಿಸೀ ತಿರುಗಿಸೀ ತುದಿಗೆ ತಂದು ಬಿಟ್ಟಾರೆ. ಕೆಲ್ಸ ಗೊತ್ತಿರೋ ಕೈ ಅಲ್ಲ ಅದು." ಅವಳು ದೊಡ್ಡ ಸ್ಪ್ರಾಕೆಟ್ಟನ್ನು ಪಕ್ಕಕ್ಕೆ ಸರಿಸಿದಳು. "ನಾನು ಅವರಿಗೆ ಟೈರು ಕೂಡ ಅಗಲದ್ದು ಹಾಕಿಕೊಡ್ಲಿಲ್ಲ. ಮಣ್ಣಿಗೆ ಇನ್ನೂ ಅಗಲ ಬೇಕು ಅಂತ ಜಗಳ ಆಡಿದ್ರು. ಆ ಗಾಡಿಗೆ ನೂರಾ ಇಪ್ಪತ್ತು ಎಂಎಂ ಅಗಲಾನೇ ಜಾಸ್ತಿ, ಮೇಲೆ ಹೋದ್ರೆ ಚೈನು ಟೈರಿಗೆ ಉಜ್ಜುತ್ತೆ ಅಂತ ಬೈದು ಕಳಿಸಿದ್ದೆ. ಅಂಥೋಳು ಚೈನ್ ತಪ್ಪು ಹಾಕ್ತೀನಾ?"

ರೂಪಶ್ರೀ ಕೇಳುತ್ತ ನಿಂತಿದ್ದಳು. ಅವಳ ಕೈಚೀಲದಲ್ಲಿ ವಕೀಲರು ಬರೆದುಕೊಟ್ಟ ದೂರಿನ ಹಾಳೆ ಇತ್ತು. ಸನೋಬರಳ ನಿರ್ಲಕ್ಷ್ಯದಿಂದ ನನ್ನ ಗಂಡ ಸತ್ತ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಅವಳ ಸಹಿಗೆ ಜಾಗ ಬಿಟ್ಟಿತ್ತು. ಸಂಜೆಯೊಳಗೆ ಸಹಿ ಬಿದ್ದರೆ ನಾಳೆ ಬೆಳಿಗ್ಗೆ ಈ ಹುಡುಗಿಯನ್ನು ಜೀಪು ಹತ್ತಿಸುತ್ತಾರೆ.

ಅವಳ ಕಣ್ಣು ಸುಮ್ಮನೆ ಗ್ಯಾರೇಜಿನ ಮೇಲೆ ಸುತ್ತಿತು. ಮೂಲೆಯಲ್ಲಿ ಟಾರ್ಪಾಲು ಹೊದ್ದ ಗಾಡಿಯೊಂದು ಹಿಂದಿನ ಗಾಲಿಯಿಲ್ಲದೆ ಮರದ ಪೆಟ್ಟಿಗೆಯ ಮೇಲೆ ಕೂತಿತ್ತು. ಅದರ ಮೇಲಿನ ಮೊಳೆಯಲ್ಲಿ ನೀಲಿ ಚುಕ್ಕೆಯ ಚೈನು ನೇತಾಡುತ್ತಿತ್ತು. ನೋಡಿದಳು, ಮರೆತಳು. ಈಚೆಗೆ ನೋಡಿದ್ದೆಲ್ಲ ಹಾಗೇ ಜಾರಿ ಹೋಗುತ್ತಿತ್ತು.

"ಅಕ್ಕಾ," ಸನೋಬರ್ ಅವಳ ಹತ್ತಿರ ಬಂದು ದನಿ ತಗ್ಗಿಸಿದಳು. "ಹಸಿರು ಜೋಡಿ ನಿಮ್ಮ ಮನೆ ಶೆಡ್ಡಲ್ಲೇ ಇತ್ತು. ಒಂದ್ಸಲ ನೋಡ್ರಿ. ಹಸಿರು ಚೈನು ಅಲ್ಲೇ ನೇತಾಡ್ತಿದ್ರೆ, ಗಾಲಿ ಬಿಚ್ಕೊಂಡೋರು ನಿಮ್ಮ ಮನೇಲೇ ಅದಾರೆ."

*

ಹೊರಗೆ ಜೀಪಿನ ಸೀಟಿನ ಮೇಲೆ ಗೋಣಿಚೀಲ ಹಾಸಿ ಬಿಳಿಯ ಹಲಗೆಯಂಥದ್ದೊಂದನ್ನು ಇಟ್ಟಿದ್ದರು. ಸುಣ್ಣದಚ್ಚಿನಂತಿತ್ತು. ಮೈತುಂಬ ಚೌಕಚೌಕವಾದ ಉಬ್ಬುಗಳು.

"ಇದೇನು?"

"ಗುತ್ತೂರಿನ ಕೇಸು. ಅದೇ ಶನಿವಾರ ಕತ್ತಲಾಗೋ ಹೊತ್ತಿಗೆ. ಮುಚ್ಚಿದ ಫ್ಯಾಕ್ಟರಿ ಒಂದರ ವಾಚ್‌ಮನ್ನು, ಗಿರೀಶ ಅಂತ. ಕೆಸರು ದಾರೀಲಿ ಯಾವನೋ ಬೈಕ್ ಹೊಡ್ದು ಓಡಿಹೋದ. ಗಿರೀಶ ಆಸ್ಪತ್ರೆ ಮುಟ್ಲಿಲ್ಲ." ದುರ್ಗಾ ಅಚ್ಚಿನ ಮೇಲಿನ ಧೂಳು ಒರೆಸಿದಳು. "ಕೆಸರಲ್ಲಿ ಟೈರಿನ ಗುರುತು ಸಿಕ್ತು, ಅದರದ್ದೇ ಅಚ್ಚು ಇದು. ಬಟನ್ ಟೈರು, ಮಣ್ಣಿಂದು. ಬೇಜಾರು ಮಾಡ್ಕೋಬ್ಯಾಡ್ರಿ, ನಿಮ್ಮ ಯಜಮಾನರ ಗಾಡೀನೂ ನೋಡಿದ್ದೆ. ರೋಡ್ ಟೈರಿತ್ತು. ಬಿಟ್ಟೆ."

ಹೇಳಿದ ಮೇಲೆ ಅವಳಿಗೂ ಹೊಳೆದಿರಬೇಕು, ಶನಿವಾರ ಆ ಗಾಡಿಗೆ ಇದ್ದದ್ದು ಮಣ್ಣಿನ ಟೈರು ಎಂದು. ಸ್ಟೂಲಿನ ಕಡೆ ತಿರುಗಿ ನೋಡಿದಳು. ಆಮೇಲೆ ರೂಪಶ್ರೀಯ ಮುಖ ನೋಡಿದಳು.

ಹೊಳೆದಂಡೆಯ ದಾರಿ ಹಾದುಹೋಗುವುದು ಗುತ್ತೂರಿನ ಪಕ್ಕದಲ್ಲೇ.

ರೂಪಶ್ರೀಯ ಕೈ ತಾನಾಗಿ ಅಚ್ಚಿನ ಮೇಲೆ ಹೋಯಿತು. ಹೆಬ್ಬೆರಳು ಒಂದು ಅಂಚಿಗೆ, ತೋರುಬೆರಳು ಇನ್ನೊಂದು ಅಂಚಿಗೆ. ಸರಿಯಾಗಿ ಒಂದು ಚೋಟು. ಅಳೆಯಬೇಕೆಂದು ಅಳೆದದ್ದಲ್ಲ. ಏನನ್ನಾದರೂ ಹಿಡಿದುಕೊಳ್ಳಬೇಕಾಗಿತ್ತು.

"ಮೇಡಂ," ದುರ್ಗಾ ಮೆಲ್ಲಗೆ ಅಂದಳು, "ಸಂಜೆ ತನಕ ನಾನೇನೂ ಕೇಳಲ್ಲ. ಆಮೇಲೆ ಕೇಳ್ಲೇಬೇಕಾಗ್ತೈತೆ."

*

ಪಿ.ಜೆ. ಬಡಾವಣೆಯ ಮನೆಯ ಮುಂದೆ ಆಟೊ ಇಳಿದಾಗ ಅತ್ತೆ ನಿರ್ಮಲಮ್ಮ ಜಗಲಿಯಲ್ಲೇ ಕೂತಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

"ಸಹಿ ಮಾಡಿ ಬಂದ್ಯೇನವ್ವಾ?"

"ಇನ್ನೂ ಇಲ್ಲ ಅತ್ತೀ."

"ನಿಮ್ಮ ಮಾವ ಒಂದೇ ಸಮ ಕೇಳ್ತದಾರೆ. ನನಗೆ ಆ ಹುಡುಗಿ ಮ್ಯಾಲೆ ಸಿಟ್ಟಿಲ್ಲ. ಆದ್ರ ಯಾರ ಮ್ಯಾಲಾದ್ರೂ ಸಿಟ್ಟು ಮಾಡಬೇಕಲ್ಲ, ಏನು ಮಾಡ್ಲಿ." ಸೆರಗಿನಿಂದ ಮುಖ ಒತ್ತಿಕೊಂಡರು. "ನನ್ನ ಸ್ಟೂಲ್ ಸಿಕ್ತಾ ಅಂತ ಕೇಳಿದ್ಯಾ ಯಾರನ್ನಾರ?"

ರೂಪಶ್ರೀ ಅವರ ಪಕ್ಕ ಕೂತಳು. "ಅತ್ತೀ, ಶನಿವಾರ ಅವರು ಮನೆಗೆ ಬಂದಾಗ ಗಾಡಿ ಹೆಂಗಿತ್ತು?"

"ಹೆಂಗಿತ್ತು ಅಂದ್ರೆ? ಕೆಸರಾಗೆ ಹೊರಳಾಡಿದ ಎಮ್ಮೆ ಹಂಗಿತ್ತು. ಸಾರ್ಸಿದ ಅಂಗಳಕ್ಕೆ ತಂದು ನಿಲ್ಸಿದ, ನಾನು ಬೈದೆ. ಬೈಬಾರದಿತ್ತು. ಕಡೀ ಮಾತು ಅದೇ ಆಯ್ತು." ಹಿತ್ತಲ ಕಡೆ ಕೈ ತೋರಿಸಿದರು. "ಪಾಪ, ದೊಡ್ಡವ ಶಿವೂನೇ ಆಮೇಲೆ ಶೆಡ್ಡಿಗೆ ತಳ್ಕೊಂಡು ಹೋಗಿ ತೊಳೆದ. ಏನೋ ಟಣಟಣ ಸದ್ದು ಮಾಡ್ತಿದ್ದ. ಮಲಗೋ ಮಾರಾಯ ಅಂದೆ. ತಮ್ಮನ ಗಾಡಿ ಒಂದಿನಾನೂ ತೊಳೀದೋನಿಗೆ ಅವತ್ತು ಯಾಕೋ ಅಷ್ಟು ಅಕ್ಕರೆ."

ಅತ್ತೆಗೆ ತಾನೇನು ಹೇಳಿದೆ ಎಂಬುದು ಗೊತ್ತಿರಲಿಲ್ಲ.

ರೂಪಶ್ರೀ ಹಿತ್ತಲ ಶೆಡ್ಡಿನ ಬಾಗಿಲು ತೆರೆದಳು. ಅವನ ಹೆಲ್ಮೆಟ್ಟಿನ ಹಳೇ ಗಾಜು, ಎಣ್ಣೆಯ ಡಬ್ಬಿ, ಗೋಡೆಗೆ ಆನಿಸಿದ್ದ ಗಾಳಿಯ ಪಂಪು. ಗಾಲಿ ನೇತುಹಾಕುವ ದೊಡ್ಡ ಮೊಳೆ ಬರಿದಾಗಿತ್ತು. ಸುಣ್ಣದ ಗೋಡೆಯ ಮೇಲೆ ಗಾಲಿಯಾಕಾರದ ದುಂಡು ಕಲೆ ಮಾತ್ರ ಉಳಿದಿತ್ತು.

ಪಕ್ಕದ ಸಣ್ಣ ಮೊಳೆಯಲ್ಲಿ ಚೈನೊಂದು ಜೋತುಬಿದ್ದಿತ್ತು. ಮೇಲೆ ತೆಳುವಾಗಿ ಧೂಳು ಕೂತಿತ್ತು. ಅವಳು ಒಂದೊಂದೇ ಕೊಂಡಿ ಸರಿಸುತ್ತ ಲಾಕಿನವರೆಗೆ ಬಂದಳು.

ಹಸಿರು ಚುಕ್ಕೆ.

ಗಾಲಿ ಹೋಗಿತ್ತು. ಚೈನು ಹೋಗಿರಲಿಲ್ಲ.

*

ಹರಿಹರ ರಸ್ತೆಯಲ್ಲಿರುವ ಅವರ ಅಕ್ಕಿ ಗಿರಣಿ ಆ ಹೊತ್ತಿಗೆ ನಿಂತಿತ್ತು. ಹಮಾಲರು ಹೋಗಿದ್ದರು. ಹಿಂಭಾಗದಲ್ಲಿ ಭತ್ತದ ಹೊಟ್ಟಿನ ಗುಡ್ಡೆ ಇಳಿಬಿಸಿಲಿಗೆ ಮಂಕಾಗಿ ಹೊಳೆಯುತ್ತಿತ್ತು. ಊರಿನ ಮಂಡಕ್ಕಿ ಭಟ್ಟಿಗಳಿಗೆ ಉರುವಲಾಗಿ ಹೋಗುವ ಹೊಟ್ಟು. ಈ ವಾರ ಲೋಡು ಕಳಿಸುವುದು ಬೇಡ ಎಂದು ಭಾವ ಹೇಳಿದ್ದನ್ನು ಅವಳು ಮನೆಯಲ್ಲಿ ಕೇಳಿಸಿಕೊಂಡಿದ್ದಳು. ಯಾಕೆಂದು ಮಾವನೂ ಕೇಳಿರಲಿಲ್ಲ.

ಶಿವಕುಮಾರ ಆಫೀಸಿನ ಕೋಣೆಯಿಂದ ಎದ್ದು ಬಂದ. ಗಂಡನ ಅಣ್ಣ. ಅಗಲ ಮುಖ, ತಮ್ಮನದೇ ಹುಬ್ಬು.

"ನೀನ್ಯಾಕ ಇಲ್ಲೀಗಂಟ ಬಂದೆ ರೂಪಾ? ಹಾಳೆ ನಾನೇ ಬಂದು ತಗೊಳ್ತಿದ್ನಲ್ಲ."

ಅವಳು ಚೀಲದಿಂದ ಚೈನು ತೆಗೆದು ಮೇಜಿನ ಮೇಲಿಟ್ಟಳು.

ಅವನು ಅದನ್ನು ನೋಡಿದ. ಏನೆಂದು ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಎಂಬುದನ್ನು ಅವನ ಮುಖದಲ್ಲಿ ಕಂಡು ಅವಳು ಚೈನನ್ನು ಇನ್ನಷ್ಟು ಮುಂದೆ ಸರಿಸಿದಳು.

"ಇದೇನು?"

"ಶನಿವಾರ ರಾತ್ರಿ ನೀವು ಶೆಡ್ಡಲ್ಲೇ ಬಿಟ್ಟಿದ್ದು, ಭಾವಾ."

ಹೊರಗೆ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹೊಡೆಯುತ್ತ ಹೋಯಿತು.

"ಯಾರ್ ಹೇಳಿದ್ರು ನಿಂಗೆ?"

"ಯಾರೂ ಹೇಳ್ಲಿಲ್ಲ. ಮಣ್ಣಿನ ಗಾಲಿ ಎಲ್ಲೈತೆ?"

"ಯಾವ ಗಾಲಿ?"

"ಹೊಟ್ಟಿನ ಲೋಡು ಯಾಕ ನಿಲ್ಸಿದ್ರಿ?"

ಶಿವಕುಮಾರ ಚೈನನ್ನು ಎತ್ತಿ ನೋಡಿ ಮತ್ತೆ ಮೇಜಿನ ಮೇಲಿಟ್ಟ. ಆಮೇಲೆ ಸಲಿಕೆ ತೆಗೆದುಕೊಂಡು ಹಿಂಭಾಗಕ್ಕೆ ನಡೆದ. ಗುಡ್ಡೆಯ ಗೋಡೆಬದಿಗೆ ಹೋಗಿ ಅಗೆದ. ಹೊಟ್ಟು ಸರಸರನೆ ಜಾರಿತು. ಮೊದಲು ಮುಂದಿನ ಗಾಲಿ ಬಂತು, ಸಣಕಲು, ಎತ್ತರದ್ದು. ಆಮೇಲೆ ಹಿಂದಿನದು. ಅದರ ದೊಡ್ಡ ಹಲ್ಲಿನ ಚಕ್ರದ ಮೇಲೆ ಕೆಂಪು ಚುಕ್ಕೆ. ಟೈರಿನ ಬಟನ್ನುಗಳ ಸಂದಿಯಲ್ಲಿ ಹೊಳೆಯ ಕೆಸರು ಇನ್ನೂ ಅಂಟಿಕೊಂಡಿತ್ತು. ತೊಳೆದ ಎಂದರಲ್ಲ ಅತ್ತೆ, ಅವನು ಇದನ್ನು ತೊಳೆದೇ ಇರಲಿಲ್ಲ.

"ಗುತ್ತೂರಿನ ಸುದ್ದಿ ಅವತ್ತು ರಾತ್ರಿನೇ ಮೊಬೈಲಿಗೆ ಬಂತು," ಅವನು ಅವಳ ಕಡೆ ನೋಡದೆ ಹೇಳಿದ. "ವಾಚ್‌ಮನ್ ಸತ್ತ, ಮಣ್ಣಿನ ಟೈರಿನ ಬೈಕು ಅಂತ. ಪ್ರಭು ಆ ಕಡೆಯಿಂದ್ಲೇ ಬಂದಿದ್ದ. ಮೊಣಕೈ ತರಚಿತ್ತು. ಊಟ ಬ್ಯಾಡ ಅಂದ."

"ಅವರನ್ನ ಕೇಳಿದ್ರಾ?"

"ಏನಂತ ಕೇಳ್ಲಿ? ಒಬ್ಬನ್ನ ಸಾಯ್ಸಿ ಬಂದೇನೋ ಅಂತ ಒಡಹುಟ್ಟಿದೋನ್ನ ಹೆಂಗ್ ಕೇಳೋದು?"

"ನನ್ನ ಹತ್ರ ಫೋನಲ್ಲಿ ನಕ್ಕಿದ್ರು."

"ಹೆದ್ರಿಕೇಲೂ ಮನುಷ್ಯ ನಗ್ತಾನೆ ರೂಪಾ." ಸಲಿಕೆ ಊರಿ ನಿಂತ. "ಬೆಳಗಾದ್ರೆ ಪೊಲೀಸ್ರು ಮನೆಮನೆ ಗಾಡಿ ನೋಡ್ತಾರೆ ಅನ್ನಿಸ್ತು. ಅವನು ಮಲಗಿದ ಮ್ಯಾಲೆ ಗಾಲಿ ಬದ್ಲಿ ಮಾಡ್ದೆ. ಅವನು ಮಾಡೋವಾಗ ಎಷ್ಟು ಸಲ ಗಾಡಿ ಹಿಡ್ಕಂಡಿಲ್ಲ ನಾನು. ಆಕ್ಸಲ್ ಬಿಚ್ಚೋದು, ಹಾಕೋದು, ಅಷ್ಟೇ ತಾನೆ ಅನ್ಕಂಡೆ. ಚೈನ್ ಸ್ವಲ್ಪ ಜೋತು ಬಿತ್ತು. ಅಡ್ಜಸ್ಟರ್ ಎಷ್ಟು ಹೋಗುತ್ತೋ ಅಷ್ಟೂ ತಿರುಗಿಸ್ದೆ."

"ಬೆಳಿಗ್ಗೆ ಅವರು ನೋಡ್ಲಿಲ್ವಾ?"

"ನೋಡ್ದ. ಗಾಲಿ ಯಾರು ಹಾಕಿದ್ದು ಅಂದ. ರೂಪಾಗೆ ಹತ್ತಕ್ಕೆ ಸಸಾರ ಆಗ್ಲಿ ಅಂತ ನಾನೇ ಹಾಕ್ದೆ ಅಂದೆ. ಎಷ್ಟು ಖುಷಿಯಾದ ಗೊತ್ತಾ? ಅಣ್ಣಾ, ನೀನು ಮೆಕ್ಯಾನಿಕ್ ಆಗ್ಬಿಟ್ಯಲ್ಲೋ ಅಂತ ಬೆನ್ನು ಗುದ್ದಿದ. ಇನ್ನೂ ಮಬ್ಬು ಕತ್ತಲು. ಹೊರಡೋವಾಗ ಕೇಳ್ದ. ಚೈನ್ ಬದ್ಲಿ ಮಾಡಿದ್ಯಾ ಅಂತ."

ಅವನು ಸಲಿಕೆಯನ್ನು ಗೋಡೆಗೆ ಒರಗಿಸಿದ.

"ಏನಂದ್ರಿ?"

"ಹೂಂ ಅಂದೆ."

ರೂಪಶ್ರೀ ಹೊಟ್ಟಿನ ಗುಡ್ಡೆಯನ್ನು ನೋಡುತ್ತಿದ್ದಳು. ಒಂದು ಗುಬ್ಬಿ ಬಂದು ಕೂತು ಎದ್ದು ಹೋಯಿತು.

"ಚೈನು ಚೈನೇ ಅಲ್ವಾ ಅನ್ಕಂಡೆ. ಇಲ್ಲ ಅಂದಿದ್ರೆ ಮತ್ತೆ ಬಿಚ್ತಿದ್ದ. ಬಿಚ್ಚಿದ ಗಾಲಿ ಎಲ್ಲಿಟ್ಟೆ ಅಂತಿದ್ದ. ಮಾತು ಗುತ್ತೂರಿಗೆ ಹೋಗ್ತಿತ್ತು. ನಂಗೆ ಆ ಮಾತು ಬ್ಯಾಡಾಗಿತ್ತು. ಅಷ್ಟೇ. ಹೂಂ ಅಂದೆ. ಅವನು ನನ್ನ ಮಾತು ನಂಬಿ ಬಗ್ಗಿ ಕೂಡ ನೋಡ್ಲಿಲ್ಲ."

ಸ್ಟೂಲನ್ನೂ ಬಿಚ್ಚಲಿಲ್ಲ ಎಂದುಕೊಂಡಳು ಅವಳು. ತಗ್ಗಿನ ಗಾಡಿಗೂ ಸ್ಟೂಲ್ ಕಟ್ಟಿಕೊಂಡೇ ಬರುತ್ತಿದ್ದ, ತನ್ನನ್ನು ರೇಗಿಸಲು. ತವರಿನ ಬಾಗಿಲಲ್ಲಿ ಅದನ್ನು ಇಟ್ಟು, ಎಲ್ಲರೆದುರು, ಹತ್ತಿರಿ ಮಹಾರಾಣಿಯವರೇ ಎನ್ನುತ್ತಿದ್ದ. ಹಾಗೆ ಅನ್ನುವವನೇ ಅವನು.

ಅಳು ಬರಬೇಕಿತ್ತು. ಬರಲಿಲ್ಲ.

"ಈಗ ನೀನೇ ಯೋಚ್ನೆ ಮಾಡು," ಶಿವಕುಮಾರ ಹತ್ತಿರ ಬಂದ. "ನೀನು ಸಹಿ ಹಾಕ್ಲಿಲ್ಲ ಅಂದ್ರೆ ದುರ್ಗಾ ಈ ಗಾಲಿ ಹುಡುಕ್ತಾಳೆ. ಹುಡುಕಿದ್ರೆ ಪ್ರಭು ಹೆಸರು ಗಿರೀಶನ ಸಾವಿಗೆ ಅಂಟ್ತೈತೆ. ನನ್ನದು ಬಿಡು, ನಾನು ಜೈಲಿಗೆ ಹೋಗ್ತೀನಿ, ಹೋಗಬೇಕಾದ್ದೇ. ಆದ್ರ ಅವನು? ಮಣ್ಣಾಗಿರೋನು ಎದ್ದು ಬಂದು, ನಾನಲ್ಲ ಅಂತಾನಾ? ಅಪ್ಪ, ಅವ್ವ ಈ ಊರಾಗೆ ತಲೆ ಎತ್ತಿ ಓಡಾಡ್ತಾರಾ? ಆ ಹುಡುಗಿಗೆ ಬೇಲ್ ಸಿಗುತ್ತೆ. ವಕೀಲರನ್ನ ನಾನೇ ಇಡ್ತೀನಿ. ನಿನ್ನ ಗಂಡನ ಹೆಸರು ನಿನ್ನ ಕೈಯಾಗೈತೆ ರೂಪಾ. ಒಂದು ಸಹಿ."

ಪೆನ್ನು ಮುಂದೆ ಹಿಡಿದ.

ಅವಳು ಪೆನ್ನು ತೆಗೆದುಕೊಂಡಳು. ಚೀಲದಿಂದ ಹಾಳೆಯನ್ನೂ ತೆಗೆದಳು. ಒಂದು ಕಡೆ ಕಣ್ಣು ಊದಿಸಿಕೊಂಡು ನಿಂತ ಹುಡುಗಿ. ಇನ್ನೊಂದು ಕಡೆ ಮಾತಾಡಲಾರದ ಗಂಡ. ಮಾತಾಡಲಾರದವರ ಪರವಾಗಿ ಸುಳ್ಳು ಹೇಳುವುದು ಇಷ್ಟು ಸುಲಭ ಎಂದು ಅವಳಿಗೆ ಗೊತ್ತಿರಲಿಲ್ಲ. ಹಾಳೆ ಊರಲು ಸಮತಟ್ಟಾದ ಜಾಗ ಹುಡುಕಿದಳು. ಎದುರಿಗೆ ಇದ್ದದ್ದು ಆ ಗಾಲಿಯೊಂದೇ. ಬಗ್ಗಿ, ಎಡಗೈಯಲ್ಲಿ ಟೈರನ್ನು ಹಿಡಿದಳು.

ಹಿಡಿದ ಕೈಯನ್ನು ಹಾಗೇ ನೋಡಿದಳು.

ಹೆಬ್ಬೆರಳು ಒಂದು ಅಂಚಿನಲ್ಲಿತ್ತು. ತೋರುಬೆರಳು ಟೈರು ದಾಟಿ ಆಚೆ ಚಾಚಿಕೊಂಡಿತ್ತು. ಹೆಬ್ಬೆರಳ ದಪ್ಪದಷ್ಟು, ಬರೀ ಗಾಳಿಯಲ್ಲಿ.

ಕೈ ತೆಗೆದು ಮತ್ತೆ ಇಟ್ಟಳು. ಇನ್ನೊಂದು ಕಡೆ ಇಟ್ಟಳು. ಟೈರು ತಿರುಗಿಸಿ ಮತ್ತೊಂದು ಕಡೆ ಇಟ್ಟಳು. ಗ್ಯಾರೇಜಿನ ಹೊರಗೆ, ಜೀಪಿನ ಸೀಟಿನ ಮೇಲೆ, ಇದೇ ಚೋಟು ಅಂಚಿನಿಂದ ಅಂಚಿಗೆ ಸರಿಯಾಗಿ ಕೂತಿತ್ತು.

ಟೈರಿನ ಪಕ್ಕದ ಕೆಸರನ್ನು ಉಗುರಿನಿಂದ ಕೆರೆದಳು. ಅಂಕಿ ಮೂಡಿತು. ನೂರಾ ಇಪ್ಪತ್ತು.

"ಏನು ಮಾಡ್ತಿದೀಯಾ?" ಶಿವಕುಮಾರ ಕೇಳಿದ.

ಅವಳು ದುರ್ಗಾಗೆ ಫೋನ್ ಹಚ್ಚಿದಳು. ಸ್ಪೀಕರ್ ಒತ್ತಿದಳು.

"ಮೇಡಂ, ಗುತ್ತೂರಿನ ಟೈರು ಯಾವ ಸೈಜು?"

"ನೂರಾ ನಲವತ್ತು ಅಂತ ರಿಪೋರ್ಟ್ ಐತೆ. ಯಾಕ್ರಿ?"

"ಅಚ್ಚಲ್ಲಿ ಹೆಚ್ಚುಕಮ್ಮಿ ಆಗಿರಬಹುದಾ?"

"ಒಂದ್ಕಡೆ ಅಲ್ಲ, ಮೂರು ಕಡೆ ತೆಗೆದಾರೆ. ಮೂರೂ ಅದೇ. ಎಲ್ಲಿದೀರಿ ನೀವು?"

"ಗಿರಣೀಲಿ. ನಮ್ಮ ಯಜಮಾನರ ಮಣ್ಣಿನ ಗಾಲಿ ನನ್ನ ಮುಂದೈತೆ. ನೂರಾ ಇಪ್ಪತ್ತು. ಆ ಗಾಡಿಗೆ ಅದಕ್ಕಿಂತ ಅಗಲದ್ದು ಹಿಡಿಯೋದೇ ಇಲ್ಲ ಅಂತ ಸನೋಬರ್ ನಿಮ್ಮೆದುರೇ ಹೇಳಿದ್ಲು. ಗಾಲಿ ಬದಲಾಯಿಸಿದೋರು ನಮ್ಮ ಭಾವ. ಅವರೂ ಇಲ್ಲೇ ಅದಾರೆ. ಎಲ್ಲಾ ಹೇಳ್ತಾರೆ."

ಆ ಕಡೆ ಜೀಪಿನ ಬಾಗಿಲು ಬಡಿದ ಸದ್ದಾಯಿತು. "ಗಾಲಿ ಮುಟ್ಬ್ಯಾಡ್ರಿ. ಬಂದೆ. ಅಲ್ಲೀತನಕ ಒಂದು ಕೆಲ್ಸ ಮಾಡ್ರಿ, ಸನೋಬರ್‌ನ ಕೇಳ್ರಿ. ನೂರಾ ನಲವತ್ತು ಹಾಕೋ ಗಾಡಿ ಈ ಕಡೆ ಯಾರ ಹತ್ರ ಐತೆ ಅಂತ. ನಿಮ್ಮ ಹತ್ರ ಆದ್ರೆ ಬಾಯಿ ಬಿಡ್ತಾಳೆ."

ಫೋನು ಕಟ್ಟಾಯಿತು.

ಶಿವಕುಮಾರ ಗುಡ್ಡೆಯ ಬುಡದಲ್ಲಿ ಕುಸಿದು ಕೂತಿದ್ದ. ಹೊಟ್ಟು ಜಾರಿ ಜಾರಿ ಅವನ ಕಾಲನ್ನು ಮುಚ್ಚುತ್ತಿತ್ತು.

"ಹಂಗಾದ್ರೆ ಅವನು..."

"ಇಲ್ಲ ಭಾವಾ."

"ಅವನು ಯಾರ್ನೂ..."

"ಇಲ್ಲ."

ಅವನು ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟ. ಅವಳಿಗೆ ಸಮಾಧಾನ ಹೇಳಲು ತಿಳಿಯಲಿಲ್ಲ, ಬೈಯಲೂ ತಿಳಿಯಲಿಲ್ಲ. ಒಂದು ಮಾತು ಕೇಳಿದ್ದರೆ ಇಬ್ಬರೂ ಅಣ್ಣತಮ್ಮಂದಿರು ಈಗ ಮನೆಯಲ್ಲಿ ರೊಟ್ಟಿ ತಿನ್ನುತ್ತಿದ್ದರು. ಸಹಿಯಿಲ್ಲದ ಹಾಳೆ ಹೊಟ್ಟಿನ ಮೇಲೆ ಬಿದ್ದಿತ್ತು. ಅದನ್ನು ಎತ್ತಿಕೊಳ್ಳಲಿಲ್ಲ.

ಸನೋಬರಳಿಗೆ ಮೊದಲು ಒಳ್ಳೆಯ ಸುದ್ದಿ ಹೇಳಬೇಕು ಎಂದುಕೊಂಡಳು. ನಾಳೆ ಜೀಪು ಬರುವುದಿಲ್ಲ ಎಂದು. ಎಷ್ಟೋ ದಿನಗಳ ಮೇಲೆ ಯಾರಿಗಾದರೂ ಏನಾದರೂ ಹೇಳಬೇಕೆನ್ನಿಸಿತ್ತು.

ಫೋನು ಬಹಳ ಹೊತ್ತು ಬಡಿದುಕೊಂಡಿತು. ಎತ್ತಿದ್ದು ಬುಡನ್ ಸಾಬ್.

"ಚಾಚಾ, ನಾನು ರೂಪಶ್ರೀ. ಸನೋಬರ್‌ಗೆ ಕೊಡ್ರಿ. ಅವಳದೇನೂ ತಪ್ಪಿಲ್ಲ ಅಂತ ಗೊತ್ತಾಯ್ತು."

"ಅಲ್ಲಾ ನಿಮ್ಮನ್ನ ಚೆನ್ನಾಗಿಡ್ಲಿ ಬೇಟಾ." ಮುದುಕನ ದನಿ ಒಡೆಯಿತು. "ಅವಳು ಇಲ್ಲಮ್ಮಾ. ಫೋನೂ ಬಿಟ್ಟು ಹೋಗ್ಯಾಳೆ. ನೀವಿಬ್ರೂ ಹೊರಗೆ ಜೀಪ್ ಹತ್ರ ಮಾತಾಡ್ತಿದ್ರಲ್ಲ, ಆಗ ಬಾಗಿಲ ಹತ್ರ ನಿಂತಿದ್ಲು. ಒಳಗೆ ಬಂದೋಳು ಮಾತೇ ಆಡ್ಲಿಲ್ಲ. ತನ್ನ ಗಾಡಿಗೆ ರೋಡ್ ಗಾಲಿ ಹಾಕ್ಕಂಡು ಹೋದ್ಲು."

"ಅವಳ ಗಾಡಿನಾ? ಯಾವುದು ಚಾಚಾ?"

"ಟಾರ್ಪಾಲ್ ಹೊದ್ಸಿತ್ತಲ್ಲಮ್ಮಾ, ಅದೇ. ದೊಡ್ಡ ಗಾಡಿ, ಅಗಲದ ಟೈರಿಂದು."

ರೂಪಶ್ರೀ ಕಣ್ಣು ಮುಚ್ಚಿದಳು. "ಅದರ ಮಣ್ಣಿನ ಗಾಲಿ ಎಲ್ಲೈತೆ?"

"ಅದನ್ನೇ ನಾನೂ ಕೇಳ್ದೆ ಬೇಟಾ. ಆ ಶನಿವಾರದಿಂದ ಅದು ನನ್ನ ಕಣ್ಣಿಗೇ ಬಿದ್ದಿಲ್ಲ."

ರಸ್ತೆಯ ಕಡೆಯಿಂದ ಜೀಪಿನ ಸದ್ದು ಹತ್ತಿರವಾಗುತ್ತಿತ್ತು. ಅವಳಿಗೆ ಆ ಗೋಡೆ ಕಾಣಿಸಿತು, ಮೊಳೆಗಳು ಕಾಣಿಸಿದವು. ಗಾಲಿ ಎಲ್ಲಿಗೆ ಹೋಗುತ್ತೋ ಚೈನೂ ಅಲ್ಲಿಗೇ ಹೋಗಬೇಕು ಎಂದಿದ್ದಳು ಹುಡುಗಿ. ಹಾಗೆ ಹೇಳುವಾಗ ಅವಳ ಬೆನ್ನ ಹಿಂದೆ, ನೀಲಿ ಚುಕ್ಕೆಯ ಚೈನು ಗಾಲಿಯಿಲ್ಲದ ಮೊಳೆಯಲ್ಲಿ ಒಂಟಿಯಾಗಿ ನೇತಾಡುತ್ತಿತ್ತು.